ನೀಲಿ ಚೆಂಡಿನ ಮರೆ

"ಮೇಷ್ಟ್ರೇ, ತಪ್ಪು ತನ್ನದೇ ಅಂತ ಅವನೇ ಒಪ್ಪಿಕೊಂಡ ಮೇಲೆ ನಾನು ಏನು ಮಾಡಿದರೂ ನ್ಯಾಯವೇ ಅಲ್ಲವೇ?" ಎಂದು ಜಯಸಿಂಹ ಕೇಳಿದ.

ಕೇಳಿದ್ದು ಸೋಸಲೆ ಮೇಷ್ಟ್ರನ್ನು. ಅವರು ಊರಿನ ಕ್ಲಬ್ಬಿನಲ್ಲಿ ಸ್ನೂಕರ್, ಅಂದರೆ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ, ಕಲಿಸುವವರು. ಜಯಸಿಂಹ ಅವರ ಹೊಸ ಶಿಷ್ಯ. ಅವನ ಅಣ್ಣ ಕಾಂಪೌಂಡ್ ಗೋಡೆಯನ್ನು ತಮ್ಮನ ಜಾಗದೊಳಕ್ಕೆ ಒತ್ತರಿಸಿ ಕಟ್ಟಿದ್ದ. ಹಿರಿಯರು ಕೂತು ಮಾತಾಡಿದ ಮೇಲೆ, "ತಪ್ಪಾಯಿತಪ್ಪ, ಒಡೆದು ನಿನಗೆ ಸರಿಕಂಡ ಹಾಗೆ ಕಟ್ಟಿಕೋ" ಎಂದಿದ್ದ. ಜಯಸಿಂಹನಿಗೆ ಸರಿಕಂಡದ್ದು, ಅಣ್ಣನ ಬಾಗಿಲಿಗೆ ಅಡ್ಡಲಾಗಿ ಕಟ್ಟುವುದು. ಗಾರೆಯವರಿಗೆ ಹೇಳಿಯೂ ಆಗಿತ್ತು.

ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು. ಕತೆ ಹೇಳುವುದೆಂದರೆ ಅವರಿಗೆ ಆಟಕ್ಕಿಂತ ಒಂದು ಕೈ ಮೇಲು.

ಒಂದು ಊರಿನಲ್ಲಿ ಒಬ್ಬ ವಕೀಲ ಮತ್ತು ಒಬ್ಬ ವ್ಯಾಪಾರಿ ಇದ್ದರು. ಇಬ್ಬರೂ ಸ್ನೂಕರ್ ಆಟಗಾರರು. ವರ್ಷಕ್ಕೊಮ್ಮೆ ಬೆಳ್ಳಿ ಬಟ್ಟಲಿಗಾಗಿ ಪಂದ್ಯ ನಡೆಯುತ್ತಿತ್ತು. ಬಟ್ಟಲು ಪ್ರತಿ ಸಲವೂ ವಕೀಲನ ಮನೆ ಸೇರುತ್ತಿತ್ತು. ವ್ಯಾಪಾರಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಈ ವರ್ಷ ತಪ್ಪಿದರೆ ತನಗೆ ಬಟ್ಟಲಿನ ಯೋಗ ಇನ್ನಿಲ್ಲ ಎಂದು ಅವನಿಗೆ ಗೊತ್ತಿತ್ತು. ಷೋಕೇಸಿನಲ್ಲಿ ಜಾಗ ಮಾಡಿಡು ಎಂದು ಹೆಂಡತಿಗೆ ಹೇಳಿ ಬಂದಿದ್ದ. ಅಷ್ಟು ಸುದ್ದಿ ಊರಿಗೆ ಸಾಕಲ್ಲ!

"ಏನ್ ಸಾಹುಕಾರ್ರೇ, ಷೋಕೇಸಿನ ಗಾಜು ಒರೆಸಿಟ್ಟಿದ್ದೀರಂತೆ? ನಮ್ಮನೇದು ಹಳೇ ಬಟ್ಟಲು ಒಂದು ಕಳಿಸಿಕೊಡಲಾ? ಬರಿದಾಗಿ ಕಾಣಬಾರದು ನೋಡಿ," ಎಂದ ವಕೀಲ.

ನೋಡಲು ಬಂದವರೆಲ್ಲ ನಕ್ಕರು. ವ್ಯಾಪಾರಿ ನಗಲಿಲ್ಲ.

ಆಟ ಕೊನೆಗೆ ಬಂತು. ಬಿಳಿ ಚೆಂಡು ಬಿಟ್ಟರೆ ಮೇಜಿನ ಮೇಲೆ ಉಳಿದದ್ದು ಕಂದು, ನೀಲಿ, ಗುಲಾಬಿ, ಕಪ್ಪು. ಅದೇ ಕ್ರಮದಲ್ಲಿ ಅವನ್ನು ಮೇಜಿನ ಅಂಚಿನ ಪಾಕೆಟ್ಟಿಗೆ ಹಾಕಬೇಕು. ಕೋಲಿನಿಂದ ಹೊಡೆಯುವುದು ಬಿಳಿಯನ್ನು ಮಾತ್ರ; ಅದು ಮೊದಲು ಮುಟ್ಟಬೇಕಾದದ್ದು ಸರದಿಯ ಚೆಂಡನ್ನೇ. ಆಗ ಸರದಿ ಕಂದಿನದು. ವಕೀಲನ ಹೊಡೆತ ಅದನ್ನು ಮುಟ್ಟದೆ ಹೋಯಿತು. ಅದು ತಪ್ಪು. ಜೊತೆಗೆ, ಬಿಳಿ ಚೆಂಡು ಉರುಳಿ ನಿಂತ ಜಾಗದಿಂದ ಕಂದಿಗೆ ನೇರ ದಾರಿಯೂ ಇರಲಿಲ್ಲ. ನಡುವೆ ನೀಲಿ ಅಡ್ಡ ನಿಂತಿತ್ತು.

"ಫ್ರೀ ಬಾಲ್," ಎಂದ ರೆಫರಿ.

ಅಂದರೆ ಏನು? ಎದುರಾಳಿ ತಪ್ಪು ಮಾಡಿ, ಅದರಿಂದ ನಿನ್ನ ದಾರಿ ಕಟ್ಟಿಹೋದರೆ, ನೀನು ಬೇರೆ ಯಾವ ಚೆಂಡನ್ನಾದರೂ ಹೆಸರಿಸಿ, ಅದೇ ಸರದಿಯ ಚೆಂಡು ಎಂಬಂತೆ ಹೊಡೆಯಬಹುದು. ಎಂಥ ದೊಡ್ಡ ಮನಸ್ಸು ನೋಡು ಈ ಆಟದ್ದು!

ವ್ಯಾಪಾರಿ, "ನೀಲಿ" ಎಂದ.

ನೀಲಿ ಮಧ್ಯದ ಪಾಕೆಟ್ಟಿಗೆ ಬಹಳ ಸಲೀಸಾಗಿತ್ತು. ಎಳೆ ಮಗು ಕೋಲು ಹಿಡಿದರೂ ಬೀಳುತ್ತಿತ್ತು. ಅದು ಬಿದ್ದರೆ ಬಟ್ಟಲು ಹೆಚ್ಚುಕಡಿಮೆ ವ್ಯಾಪಾರಿಯದೇ. ಅವನು ಬಾಗಿದ, ಗುರಿ ಹಿಡಿದ, ತಲೆಯೆತ್ತಿ ಒಮ್ಮೆ ವಕೀಲನನ್ನು ನೋಡಿದ. ಆಮೇಲೆ ಗುರಿ ಬದಲಾಯಿಸಿದ. ಬಿಳಿಯನ್ನು ಮೆತ್ತಗೆ ತಳ್ಳಿದ. ಅದು ನಿಧಾನವಾಗಿ ಉರುಳಿ, ನೀಲಿಯನ್ನು ಸೋಕಿ, ಅದರ ಬೆನ್ನಿಗೇ ಅವಿತು ನಿಂತಿತು. ಈಗ ಕಂದಿಗೆ ದಾರಿ ಇಲ್ಲದ್ದು ವಕೀಲನಿಗೆ.

"ಹೊಡೀರಿ ಲಾಯರ್ ಸಾಹೇಬ್ರೇ, ನಿಮ್ಮ ವಾದ ಮಂಡಿಸಿ," ಎಂದ ವ್ಯಾಪಾರಿ.

ಜನ ಚಪ್ಪಾಳೆ ತಟ್ಟಿದರು. ಅದರ ನಡುವೆ ರೆಫರಿಯ ದನಿ ಕೇಳಿತು.

"ತಪ್ಪು."

ಚಪ್ಪಾಳೆ ಅರ್ಧಕ್ಕೇ ನಿಂತಿತು. ವ್ಯಾಪಾರಿ, ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂಬಂತೆ ತಿರುಗಿ ನೋಡಿದ.

"ಯಾರದ್ದು?"

"ನಿಮ್ಮದೇ ಸ್ವಾಮಿ. ಫ್ರೀ ಬಾಲ್ ಸಿಕ್ಕಿತು ಅಂತ ನೀವು ಹೆಸರಿಸಿದ ಚೆಂಡನ್ನೇ ಎದುರಾಳಿಗೆ ಅಡ್ಡ ಇಡುವ ಹಾಗಿಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ರೆಫರಿ ಬಗ್ಗಿ ಬಿಳಿ ಚೆಂಡಿನ ಹಿಂದಿನಿಂದ ಕಣ್ಣು ಹಾಯಿಸಿದ. ಎದ್ದು ವಕೀಲನ ಕಡೆ ತಿರುಗಿದ.

"ತಪ್ಪು ಅವರದು, ದಾರಿ ಕಟ್ಟಿರುವುದು ನಿಮಗೆ. ಫ್ರೀ ಬಾಲ್."

ವಕೀಲನೂ ಒಂದು ಗಳಿಗೆ ಬೆಪ್ಪಾಗಿ ನಿಂತ. ವಾದವನ್ನೇ ಮಾಡದೆ ಮೊಕದ್ದಮೆ ಗೆದ್ದವನ ಮುಖ ಅವನದು. ಆಮೇಲೆ ಗುಲಾಬಿ ಎಂದು ಹೆಸರಿಸಿ ಅದನ್ನು ಪಾಕೆಟ್ಟಿಗೆ ಹಾಕಿದ. ಅದು ಕಂದಿನ ಬದಲಿಗೆ ಬಿದ್ದದ್ದರಿಂದ, ನಿಯಮದಂತೆ ರೆಫರಿ ಗುಲಾಬಿಯನ್ನು ತೆಗೆದು ಮತ್ತೆ ಅದರ ಜಾಗದಲ್ಲಿಟ್ಟ. ವಕೀಲ ಕಂದು ಹಾಕಿದ, ನೀಲಿ ಹಾಕಿದ, ಗುಲಾಬಿ ಹಾಕಿದ, ಕಪ್ಪೂ ಹಾಕಿದ. ಕುರ್ಚಿಯಲ್ಲಿ ಕುಸಿದ ವ್ಯಾಪಾರಿ, ಬಟ್ಟಲು ವಕೀಲನ ಕೈಸೇರಿದಾಗಲೂ ತೆರೆದ ಬಾಯಿ ಮುಚ್ಚಿರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಜಯಸಿಂಹ ದಂಗಾಗಿದ್ದ. "ಅಯ್ಯೋ ಪಾಪ, ಆ ನಿಯಮ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತೆ ಮೇಷ್ಟ್ರೇ," ಎಂದ.

"ಚೆನ್ನಾಗಿ ಗೊತ್ತಿತ್ತು ಕಣಯ್ಯಾ, ಆದರೆ ಆ ಹೊತ್ತಿಗೆ ಅವನಿಗೆ ಬಟ್ಟಲು ಬೇಕಾಗಿರಲಿಲ್ಲ, ವಕೀಲನ ದಾರಿ ಕಟ್ಟುವುದು ಬೇಕಾಗಿತ್ತು."