ಸಂಕಮ್ಮನ ತಲೆಯೊಳಗಿನ ಗಂಟೆಯವನು

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯ ಒಂದೊಂದು ಮಾತೂ ನಿಜ. ಸುಳ್ಳು ಅಂತಾದರೆ ನನ್ನ ಮೀಸೆಯ ಎಡಗಡೆ ಬೋಳಿಸಿ, ಬಲಗಡೆ ಹಾಗೇ ಬಿಟ್ಟು, ಸಂತೆಯಲ್ಲಿ ಓಡಾಡಿಸಿ. ನನ್ನಷ್ಟು ಸತ್ಯ ಹೇಳುವವನು ಈ ಸೀಮೆಯಲ್ಲೇ ಇನ್ನೊಬ್ಬನಿಲ್ಲ. ಇದ್ದರೂ ಇದ್ದಾನು ಅಂತ ಊರೂರು ಸುತ್ತಿ ಹುಡುಕಿದ್ದೇನೆ. ಹೋದಲ್ಲೆಲ್ಲ ನಾನೊಬ್ಬನೇ ಸಿಕ್ಕಿದೆ.

ಸರಿ, ಕೇಳಿ.

ಒಂದು ಕಾಡಿನಲ್ಲಿ ಒಂದು ದೊಡ್ಡ ಅತ್ತಿಮರವಿತ್ತು. ಮರದ ಮೇಲೆ ಕರಿಮೂತಿಯ ಮುಸಿಯ ಕೋತಿಗಳು ಇದ್ದವು. ಮರದ ಕೆಳಗೆ ಚುಕ್ಕೆಜಿಂಕೆಗಳು ಮೇಯುತ್ತಿದ್ದವು. ಮುಸಿಯಗಳಿಗೆ ತಿನ್ನುವ ಶಿಸ್ತು ಎಂಬುದೇ ಇಲ್ಲ. ಒಂದು ಹಣ್ಣು ಕಿತ್ತರೆ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದು ಜಿಂಕೆಗಳಿಗೆ ಹಬ್ಬ. ಅದಕ್ಕೆ ಬದಲಾಗಿ ಜಿಂಕೆಗಳು ತಮ್ಮ ಮೂಗನ್ನು ಕಾವಲಿಗೆ ಕೊಟ್ಟಿದ್ದವು, ಮುಸಿಯಗಳು ತಮ್ಮ ಕಣ್ಣನ್ನು ಕೊಟ್ಟಿದ್ದವು. ಚಿರತೆಯ ವಾಸನೆ ಬಂದರೆ ಕೆಳಗಿನವರು ಕೂಗುತ್ತಿದ್ದರು. ಚಿರತೆ ಕಂಡರೆ ಮೇಲಿನವರು ಕೂಗುತ್ತಿದ್ದರು.

ಮೇಲಿನ ಕಾವಲು ಸಂಕಮ್ಮನದು. ಸಂಕಮ್ಮ ಎಂದರೆ ಗುಂಪಿನ ಹಿರಿಯ ಮುಸಿಯ. ಮರದ ತುದಿಯ ಕೊಂಬೆಯೇ ಅವಳ ಗಾದಿ. ಕಾವಲಿಗೆ ಅಲ್ಲೊಂದು ಹಳೆಯ ಪದ್ಧತಿಯಿತ್ತು. ಕಾವಲಿನವರು ಎಲ್ಲರ ಕೊನೆಗೆ ಉಣ್ಣಬೇಕು. ಅವರ ಪಾಲಿನ ಚಿಗುರು, ಹಣ್ಣು ಎಲ್ಲವನ್ನೂ ಮರದ ಕವಲಿನಲ್ಲಿ ತೆಗೆದಿಡಬೇಕು. ಅದನ್ನು ಯಾರೂ ಮುಟ್ಟಬಾರದು. ಹೊತ್ತು ಇಳಿದು ಇನ್ನೊಬ್ಬರು ಕಾವಲಿಗೆ ಬಂದ ಮೇಲೆ ಅವರು ನೆಮ್ಮದಿಯಾಗಿ ಉಂಡು ಮಲಗಬೇಕು.

ಯಾಕಪ್ಪ ಈ ಪದ್ಧತಿ? ಅದರ ಗುಟ್ಟು ಇರುವುದು ತಲೆಯೊಳಗೆ.

ತಲೆಬುರುಡೆಯ ಒಳಗೆ, ಮೆದುಳಿನ ಬುಡದಲ್ಲಿ, ಒಂದು ಸಣ್ಣ ಕೇರಿ ಇದೆ. ಆ ಕೇರಿಯಲ್ಲಿ ಒಬ್ಬ ಗಂಟೆಯವನಿದ್ದಾನೆ. ಅವನ ಮುಂದೆ ಸಾಸಿವೆ ಕಾಳು ಬೆಟ್ಟದಂತೆ ಕಾಣುತ್ತದೆ, ಅಷ್ಟು ಚಿಕ್ಕವನು. ಡಾಕ್ಟರುಗಳು ಅವನಿಗೆ ಒರೆಕ್ಸಿನ್ ಎನ್ನುತ್ತಾರೆ. ಪೆಪ್ಟೈಡ್ ಹಾರ್ಮೋನು ಎಂಬ ಮನೆತನದವನಂತೆ. ಹೊಟ್ಟೆ ಖಾಲಿಯಾಗುತ್ತಾ ಬಂದ ಹಾಗೆ ಅವನು ಗಂಟೆ ಬಾರಿಸುತ್ತಾನೆ. "ಏಳು! ಕಣ್ಣು ಬಿಡು! ಊಟ ಎಲ್ಲಿದೆ ಹುಡುಕು!" ಆ ಸದ್ದು ಮೆದುಳಿನ ಮೂಲೆಮೂಲೆಗೂ ಹೋಗುತ್ತದೆ. ಕಣ್ಣು ಅರಳುತ್ತದೆ, ಕಿವಿ ನಿಗುರುತ್ತದೆ. ಹೊಟ್ಟೆ ತುಂಬಿತೋ, ಅವನೂ ಗಂಟೆ ಕೆಳಗಿಟ್ಟು ಗೋಡೆಗೆ ಒರಗುತ್ತಾನೆ. ಆಮೇಲೆ ಬರುವುದು ನಿದ್ದೆ. ಹಸಿವನ್ನೂ ಎಚ್ಚರವನ್ನೂ ಒಂದೇ ಕೈಯಲ್ಲಿ ಹಿಡಿದವನು ಅವನು. ಎಂಥ ಕೆಲಸಗಾರ ನೋಡಿ! ಸಂಬಳವಿಲ್ಲ, ರಜೆಯಿಲ್ಲ, ಒಂದು ಶಾಲು ಹೊದಿಸಿದವರೂ ಇಲ್ಲ.

ನನಗಂತೂ ಅವನು ಬಹಳ ಹತ್ತಿರದವನು. ಉಪವಾಸದ ದಿನ ಮೂರು ಬೀದಿ ಆಚೆ ಒಗ್ಗರಣೆ ಹಾಕಿದರೆ, ಎಣ್ಣೆ ಯಾವುದು ಅಂತ ಇಲ್ಲಿಂದಲೇ ಹೇಳಿಬಿಡುತ್ತೇನೆ. ಹೋಳಿಗೆ ಊಟವಾದ ಮೇಲೆ ಮಾತ್ರ ನನ್ನ ಎದೆಯ ಮೇಲೆ ಆನೆ ನಡೆದರೂ ಗೊತ್ತಾಗುವುದಿಲ್ಲ. ಒಂದು ಸಲ ನಡೆದಿತ್ತು. ಎದ್ದು ನೋಡಿದಾಗ ಅಂಗಿ ಸುಕ್ಕಾಗಿತ್ತು, ಅಷ್ಟೇ.

ಇರಲಿ, ಕಥೆಗೆ ಬರೋಣ.

ಆ ಕಾಡಿನಲ್ಲಿ ಒಂದು ಚಿರತೆ ಇತ್ತು. ಸಂಕಮ್ಮನ ದೆಸೆಯಿಂದ ಅದು ಸೊರಗಿ ಕಡ್ಡಿಯಾಗಿತ್ತು. ಅದು ಪೊದೆಯಿಂದ ಮೀಸೆ ಹೊರಗೆ ಹಾಕಿದರೆ ಸಾಕು, ಮೇಲಿಂದ "ಖಕ್! ಖಕ್! ಖಕ್ಕರ್!" ಎಂದು ಕೂಗು ಬರುತ್ತಿತ್ತು. ಜಿಂಕೆಗಳು ಬಾಲ ಎತ್ತಿ ಮಾಯ.

ಅದೇ ಹೊತ್ತಿಗೆ ದುಂಡಕ್ಕ ಎಂಬ ಜಿಂಕೆ ಮರಿ ಹಾಕಿತು. ಮರಿಯ ಕಾಲು ಇನ್ನೂ ನಿಲ್ಲುತ್ತಿರಲಿಲ್ಲ. ಓಡುವುದಿರಲಿ, ನಿಂತರೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ದುಂಡಕ್ಕ ಅದನ್ನು ಮರದ ಬುಡದ ಎತ್ತರದ ಹುಲ್ಲಿನಲ್ಲಿ ಮಲಗಿಸಿದಳು. ತಲೆ ಎತ್ತಿ ಹೇಳಿದಳು, "ಸಂಕಮ್ಮಾ, ನಿನ್ನ ಕಣ್ಣಿದೆ ಅನ್ನೋ ಧೈರ್ಯದ ಮೇಲೆ ಬಿಟ್ಟು ಮೇಯೋಕೆ ಹೋಗ್ತೀನಿ ಕಣೇ."

"ಹೋಗಿ ಬಾರೇ. ನನ್ನ ರೆಪ್ಪೆ ಬಡಿಯೋದಿಲ್ಲ" ಎಂದಳು ಸಂಕಮ್ಮ.

ಈ ಮಾತನ್ನು ಒಂದು ಗುಳ್ಳೆನರಿ ಕೇಳಿಸಿಕೊಂಡಿತು. ಅದರ ಹೆಸರು ಬೆಣ್ಣಯ್ಯ. ಮಾತು ಅಷ್ಟು ಮೆತ್ತಗೆ. ಚಿರತೆ ತಿಂದು ಬಿಟ್ಟದ್ದೇ ಅದರ ಊಟ. ಚಿರತೆಗೆ ಬೇಟೆ ಸಿಗದೆ ಅದಕ್ಕೂ ಏನೂ ಸಿಕ್ಕಿರಲಿಲ್ಲ.

ಬೆಣ್ಣಯ್ಯ ಚಿರತೆಯ ಬಳಿ ಹೋದ. "ದೊರೆ, ಆ ಮುದುಕಿಯ ಕಣ್ಣನ್ನು ನಾವು ಮುಚ್ಚೋಕಾಗಲ್ಲ. ಅವಳ ತಲೆಯೊಳಗೆ ಗಂಟೆ ಬಾರಿಸುವವನನ್ನು ಮಲಗಿಸಿದರೆ ಕಣ್ಣು ತಾನಾಗೇ ಮುಚ್ಚುತ್ತೆ."

"ಅವನನ್ನು ಹೇಗಯ್ಯಾ ಮಲಗಿಸ್ತೀಯ? ಜೋಗುಳ ಹಾಡ್ತೀಯಾ?"

"ಊಟ ಹಾಕ್ತೀನಿ" ಎಂದ ಬೆಣ್ಣಯ್ಯ. "ಮರಿಯ ಹಿಂಗಾಲೊಂದು ನನಗಿರಲಿ."

ಮರುದಿನ ಹೊತ್ತು ನೆತ್ತಿಗೆ ಬಂದಿತ್ತು. ಬೆಣ್ಣಯ್ಯ ಒಂದು ಹಲಸಿನ ಹಣ್ಣನ್ನು ಮೂಗಿನಿಂದ ಉರುಳಿಸಿಕೊಂಡು ಮರದ ಬುಡಕ್ಕೆ ಬಂದ. ಮುಳ್ಳು ಚುಚ್ಚಿ ಮೂಗು ಕೆಂಪಾಗಿತ್ತು. ಹಣ್ಣು ಬಿರಿದು ಘಮ್ಮೆನ್ನುತ್ತಿತ್ತು.

"ಅಯ್ಯೋ ಸಂಕಮ್ಮಾ!" ಎಂದು ಕಣ್ಣೊರೆಸಿಕೊಂಡ. "ಎಲ್ಲರೂ ಉಂಡು ತೇಗುತ್ತಿದ್ದಾರೆ. ನಿನ್ನ ಹೊಟ್ಟೆ ಬೆನ್ನಿಗೆ ಹತ್ತಿದೆ. ಯಾರು ಮಾಡಿದ್ದು ಈ ಪದ್ಧತಿ? ನನ್ನ ಕರುಳು ಕಿತ್ತು ಬರುತ್ತೆ ಕಣಮ್ಮ."

"ನಿನಗೆ ಕರುಳಿದೆ ಅಂತ ಇವತ್ತೇ ಗೊತ್ತಾಗಿದ್ದು. ಹೋಗಯ್ಯ" ಎಂದಳು ಸಂಕಮ್ಮ.

"ಬೈದರೂ ಬೇಜಾರಿಲ್ಲ. ಒಂದೇ ಒಂದು ತೊಳೆ ಬಾಯಿಗೆ ಹಾಕ್ಕೋ. ಒಂದು ತೊಳೆ ತಿಂದರೆ ಕಾಡು ಮುಳುಗಿ ಹೋಗುತ್ತಾ?"

ಸಂಕಮ್ಮನ ತಲೆಯೊಳಗೆ ಗಂಟೆಯವನು ಜೋರಾಗಿ ಬಾರಿಸುತ್ತಿದ್ದ. ಅವಳು ಕೆಳಗಿನ ಕೊಂಬೆಗೆ ಇಳಿದು, ಕೈಚಾಚಿ ಹಣ್ಣನ್ನು ಮೇಲಕ್ಕೆ ಎಳೆದುಕೊಂಡಳು. ಒಂದು ತೊಳೆ ತಿಂದಳು. ಜೇನಿನಂತಿತ್ತು. ಇನ್ನೊಂದು ತಿಂದಳು. ಆಮೇಲೆ ಎಷ್ಟು ತಿಂದಳೋ ಅವಳಿಗೇ ತಿಳಿಯಲಿಲ್ಲ. ಬೆಣ್ಣಯ್ಯ ಕೆಳಗೆ ನಿಂತು "ತಿನ್ನಮ್ಮ, ತಿನ್ನು" ಎಂದು ತಲೆಯಾಡಿಸುತ್ತಲೇ ಇದ್ದ. ಸಂಕಮ್ಮನ ಹೊಟ್ಟೆ ತುಂಬಿತು. ತಲೆಯೊಳಗಿನ ಗಂಟೆ ನಿಧಾನವಾಯಿತು. ಗಂಟೆಯವನು ಗೋಡೆಗೆ ಒರಗಿದ. ಸಂಕಮ್ಮ ತಿಂದು ಮುಗಿಸಿದ ಹಣ್ಣಿನ ದೊಡ್ಡ ಸಿಪ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಗೊರಕೆ ಹೊಡೆಯತೊಡಗಿದಳು.

ಗಾಳಿ ಆಚೆ ಕಡೆಗೆ ಬೀಸುತ್ತಿತ್ತು. ಜಿಂಕೆಗಳಿಗೆ ವಾಸನೆ ಸಿಗಲಿಲ್ಲ. ಚಿರತೆ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ಬಂದಿತು. ಹುಲ್ಲಿನಲ್ಲಿ ಮರಿ ಕಂಡಿತು. ಎಳೆಯ ಮಾಂಸ! ಚಿರತೆ ಜೊಲ್ಲು ಸುರಿಸುತ್ತಾ ನೋಡಿತು. ಯಾವ ಕಾಲು ಬೆಣ್ಣಯ್ಯನಿಗೆ ಕೊಡುವುದು ಎಂದು ಯೋಚಿಸುತ್ತಾ ಇನ್ನೊಮ್ಮೆ ನೋಡಿತು. ಪಂಜ ಎತ್ತಿ ಮರಿಯ ಮೇಲಿಟ್ಟಿತು.

ಆಗ ಸಂಕಮ್ಮ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಳು. ಮಡಿಲಿನ ಹಲಸಿನ ಸಿಪ್ಪೆ ಜಾರಿತು. ಮುಳ್ಳಿನ ಕಡೆ ಕೆಳಗಾಗಿ ಚಿರತೆಯ ನೆತ್ತಿಯ ಮೇಲೆ ದಬಕ್ಕನೆ ಬಿತ್ತು.

"ಅಯ್ಯಯ್ಯೋ! ಬೆಣ್ಣಯ್ಯಾ! ಮುದುಕಿ ಮಲಗಿದ್ದಾಳೆ ಅಂದೆಯಲ್ಲೋ!" ಎಂದು ಚಿರತೆ ಕಿರುಚಿಕೊಂಡು ಓಡಿತು.

ಆ ಕಿರುಚಾಟಕ್ಕೆ ಸಂಕಮ್ಮ ಎದ್ದಳು. ದುಂಡಕ್ಕ ಓಡಿ ಬಂದಳು. ಮರಿ ಬದುಕಿತ್ತು. ಅದರ ಕಿವಿಯ ತುದಿ ಮಾತ್ರ ಸೀಳಿ ರಕ್ತ ಜಿನುಗುತ್ತಿತ್ತು.

ದುಂಡಕ್ಕ ಬಯ್ಯಲಿಲ್ಲ. ಮರಿಯ ಕಿವಿ ನೆಕ್ಕುತ್ತಾ ಇಷ್ಟೇ ಕೇಳಿದಳು, "ರೆಪ್ಪೆ ಬಡಿಯೋದಿಲ್ಲ ಅಂದಿದ್ದೆ, ಅಲ್ವಾ?"

ಬೈದಿದ್ದರೆ ಸಂಕಮ್ಮ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳು ಮುಖ ಮುಚ್ಚಿಕೊಂಡಳು.

ಹಿಂಡಿನ ಹಿರಿಯ ಗಂಡುಜಿಂಕೆ ಕೊಂಬು ಕೊಡವಿತು. "ಈ ಮರದ ನೆರಳು ಸಾಕು. ನಾವು ಹೊಳೆ ದಾಟಿ ಆಚೆ ಕಾಡಿಗೆ ಹೋಗೋಣ."

"ನನ್ನ ಮಗು ಹೊಳೆ ಹೇಗೆ ದಾಟುತ್ತೆ?" ಎಂದಳು ದುಂಡಕ್ಕ. ದಾಟಲಾರದ್ದನ್ನು ಬಿಟ್ಟು ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಂಕಮ್ಮ ಮೊದಲ ಸಲ ಮರದಿಂದ ನೆಲಕ್ಕೆ ಇಳಿದು ಬಂದಳು. "ನಾಳೆ ಒಂದು ದಿನ ನಿಲ್ಲಿ. ತಪ್ಪು ನನ್ನದು. ಆದರೆ ಚಿರತೆ ಕೂಗಿದ ಹೆಸರು ಕೇಳಿದಿರಲ್ಲ? ಬೆಣ್ಣಯ್ಯ ನನಗೆ ಹಣ್ಣು ಕೊಡಲಿಲ್ಲ. ನನ್ನ ಗಂಟೆಯವನನ್ನು ಕದ್ದ. ನಾಳೆ ಮತ್ತೆ ಬರ್ತಾನೆ. ಬರಲಿ." ಆಮೇಲೆ ದುಂಡಕ್ಕನ ಕಿವಿಯಲ್ಲಿ ಏನೋ ಹೇಳಿದಳು. ದುಂಡಕ್ಕ ಆಗಲಿ ಎಂದು ತಲೆಯಾಡಿಸಿದಳು.

ಅತ್ತ ಬೆಣ್ಣಯ್ಯ ಚಿರತೆಗೆ ಬುದ್ಧಿ ಹೇಳುತ್ತಿದ್ದ. "ನೋಡ್ತಾ ನಿಂತದ್ದೇ ಕೆಟ್ಟಿತು ದೊರೆ. ನಾಳೆ ಗೊರಕೆ ಕೇಳಿಸಿದ ಕೂಡಲೇ ಬನ್ನಿ. ಮರದ ಬುಡದ ಹುಲ್ಲಿನಲ್ಲಿ ಏನು ಮಲಗಿದೆಯೋ ಅದು ನಿಮ್ಮದು. ಕಣ್ಣು ಮುಚ್ಚಿಕೊಂಡು ಹಾರಿಬಿಡಿ."

ಮರುದಿನ ಬೆಣ್ಣಯ್ಯ ನಿನ್ನೆಗಿಂತ ದೊಡ್ಡ ಹಲಸನ್ನು ಉರುಳಿಸಿಕೊಂಡು ಬಂದ. ನಾನು ಹೇಳುತ್ತೇನೆ ಕೇಳಿ, ಎಮ್ಮೆಕರು ಅದರ ನೆರಳಲ್ಲಿ ಮಲಗಬಹುದಿತ್ತು.

"ಸಂಕಮ್ಮಾ, ನಿನ್ನೆ ಏನೋ ಗಲಾಟೆಯಂತೆ! ಕೇಳಿ ನನ್ನ ಎದೆ ಒಡೆಯಿತು. ತಗೋ, ಇದನ್ನು ತಿಂದು ಸುಧಾರಿಸಿಕೋ."

"ನಿನ್ನಂಥ ದೊಡ್ಡ ಮನಸ್ಸು ಯಾರಿಗಿದೆ ಬೆಣ್ಣಯ್ಯ" ಎಂದಳು ಸಂಕಮ್ಮ. "ನಿನ್ನೆ ನಾನು ಬುದ್ಧಿಯಿಲ್ಲದವಳ ಹಾಗೆ ಒಬ್ಬಳೇ ತಿಂದುಬಿಟ್ಟೆ. ಬಂದ ನೆಂಟರಿಗೆ ಮೊದಲು ಬಡಿಸಬೇಕಪ್ಪ. ನೀನು ತಿಂದು ಉಳಿಸಿದ್ದು ನನಗೆ."

"ನನಗಾ? ಬೇಡ, ಬೇಡ."

"ಒಂದೇ ಒಂದು ತೊಳೆ. ಒಂದು ತೊಳೆ ತಿಂದರೆ ಕಾಡು ಮುಳುಗಿ ಹೋಗುತ್ತಾ? ನೀನು ಮುಟ್ಟದ ಹಣ್ಣನ್ನು ನಾನೂ ಮುಟ್ಟೋದಿಲ್ಲ."

ಬೆಣ್ಣಯ್ಯ ಪೇಚಿಗೆ ಸಿಕ್ಕಿದ. ತಿನ್ನದಿದ್ದರೆ ಮುದುಕಿ ತಿನ್ನುವುದಿಲ್ಲ. ಮೇಲಾಗಿ ಅವನೇ ಎಷ್ಟೋ ದಿನದಿಂದ ಉಂಡಿರಲಿಲ್ಲ. ಅವನ ತಲೆಯಲ್ಲೂ ಒಬ್ಬ ಗಂಟೆಯವನಿದ್ದ. ಅವನು ಗಂಟೆ ಒಡೆದುಹೋಗುವ ಹಾಗೆ ಬಾರಿಸುತ್ತಿದ್ದ. ಬೆಣ್ಣಯ್ಯ ಒಂದು ತೊಳೆ ತಿಂದ. ಕಣ್ಣರಳಿತು. ಎರಡನೆಯದು ತಿಂದ. "ರುಚಿ ನೋಡ್ತಿದ್ದೀನಿ, ಅಷ್ಟೇ" ಎಂದ. ಮೂತಿಯನ್ನು ಹಣ್ಣಿನೊಳಗೇ ತೂರಿಸಿದ.

ಮೇಲೆ ಸಂಕಮ್ಮನಿಗೆ ಆ ವಾಸನೆ ಬಡಿಯುತ್ತಿತ್ತು. ಬಾಯಲ್ಲಿ ನೀರು ತುಂಬಿತು. ಹೊಟ್ಟೆ ಕರಕರ ಎಂದಿತು. ತಲೆಯೊಳಗೆ ಗಂಟೆಯೋ ಗಂಟೆ! ಅವಳು ಕೊಂಬೆಯನ್ನು ಬಿಗಿಯಾಗಿ ಹಿಡಿದು ತನ್ನೊಳಗೇ ಹೇಳಿಕೊಂಡಳು, "ಬಾರಿಸು ನನ್ನಪ್ಪಾ, ಬಾರಿಸು. ನೀನು ಬಾರಿಸುತ್ತಿರುವ ತನಕ ದುಂಡಕ್ಕನ ಮಗು ನನ್ನ ಕಣ್ಣಲ್ಲಿದೆ." ಅವಳ ರೆಪ್ಪೆ ಬಡಿಯಲಿಲ್ಲ.

ಕೆಳಗೆ ಹಣ್ಣು ಮುಗಿಯಿತು. ಉಳಿದದ್ದು ಬೀಜ ಮತ್ತು ಅಂಟು. ಬೆಣ್ಣಯ್ಯನ ಹೊಟ್ಟೆ ಮಡಕೆಯಂತಾಗಿತ್ತು. ಅವನ ಗಂಟೆಯವನು ಗಂಟೆ ಕೆಳಗಿಟ್ಟ. ಪಾಪ, ಅವನಿಗೇನು ಗೊತ್ತು ಯಜಮಾನನ ಸಂಚು! ಅವನ ಕೆಲಸ ಅವನು ಪ್ರಾಮಾಣಿಕವಾಗಿ ಮಾಡಿದ.

"ಸ್ವಲ್ಪ ಒರಗುತ್ತೀನಿ ಸಂಕಮ್ಮ, ಒಂದೇ ಗಳಿಗೆ" ಎಂದ ಬೆಣ್ಣಯ್ಯ. ಮರದ ಬುಡದಲ್ಲಿ ಹುಲ್ಲು ಮೆತ್ತಗೆ ಮಡಚಿಕೊಂಡಿದ್ದ ಒಂದು ಜಾಗವಿತ್ತು. ಅದು ಮರಿ ಮಲಗುತ್ತಿದ್ದ ಜಾಗ. ದುಂಡಕ್ಕ ಬೆಳಗ್ಗೆಯೇ ತಡವರಿಸುವ ಮರಿಯನ್ನು ಮೂಗಿನಿಂದ ಮೆಲ್ಲಗೆ ತಳ್ಳಿಕೊಂಡು ಹೋಗಿ ಹತ್ತಿರದ ಬಂಡೆಯ ಹಿಂದೆ ಮಲಗಿಸಿದ್ದಳು. ನಿದ್ದೆಗಣ್ಣಿನ ಬೆಣ್ಣಯ್ಯ ತನ್ನ ಸಂಚನ್ನೇ ಮರೆತು ಅಲ್ಲಿ ಹೋಗಿ ಸುರುಳಿ ಸುತ್ತಿಕೊಂಡ. ಕಾಡು ನಡುಗುವ ಹಾಗೆ ಗೊರಕೆ ಹೊಡೆದ.

ಪೊದೆಯ ಹಿಂದೆ ಚಿರತೆ ಕಿವಿ ನಿಗುರಿಸಿತು. "ಆಹಾ, ಮುದುಕಿ ಮಲಗಿದಳು!" ಎಂದುಕೊಂಡಿತು. ಬೆಣ್ಣಯ್ಯನ ಬುದ್ಧಿಮಾತು ನೆನಪಾಯಿತು. ಕಣ್ಣು ಮುಚ್ಚಿಕೊಂಡು ಹಾರಿತು. ಹುಲ್ಲಿನಲ್ಲಿ ಸಿಕ್ಕಿದ್ದನ್ನು ಬಾಯಿ ತುಂಬ ಕಚ್ಚಿತು.

"ಅಮ್ಮಮ್ಮಾ! ನನ್ನ ಬಾಲ!"

"ಇದೇನಿದು, ಹಲಸಿನ ವಾಸನೆಯ ಜಿಂಕೆ!" ಎಂದಿತು ಚಿರತೆ, ಬಾಲ ಬಿಡದೆ.

"ನಾನು ದೊರೆ! ನಾನು ನಿಮ್ಮ ಬೆಣ್ಣಯ್ಯ!"

"ನೀನಾದರೇನು? ಹುಲ್ಲಲ್ಲಿ ಮಲಗಿದ್ದು ನನ್ನದು ಅಂದವನು ನೀನೇ ತಾನೇ?"

ಬೆಣ್ಣಯ್ಯ ಜಗ್ಗಿದ. ಚಿರತೆ ಹಿಡಿಯಿತು. ಅರ್ಧ ಬಾಲ ಚಿರತೆಯ ಬಾಯಲ್ಲೇ ಉಳಿಯಿತು. ಉಳಿದ ಬೆಣ್ಣಯ್ಯ ಓಟ ಕಿತ್ತ. ಅವನ ಹಿಂದೆ ಚಿರತೆ. ಮೇಲಿಂದ ಸಂಕಮ್ಮ ಗಂಟಲು ಹರಿಯುವ ಹಾಗೆ ಕೂಗಿದಳು. "ಖಕ್! ಖಕ್! ಖಕ್ಕರ್!" ಇಡೀ ಕಾಡು ಎದ್ದು ನಿಂತು ನೋಡಿತು. ಹೊಳೆ ದಾಟಿ ಆಚೆ ಕಾಡಿಗೆ ಹೋದವರು ಅವರಿಬ್ಬರೇ. ಮತ್ತೆ ಈಚೆಗೆ ಬರಲಿಲ್ಲ.

ಹೊತ್ತು ಇಳಿಯಿತು. ಇನ್ನೊಂದು ಮುಸಿಯ ಕಾವಲಿಗೆ ಬಂದಿತು. ಸಂಕಮ್ಮ ಕವಲಿನಲ್ಲಿ ಇಟ್ಟಿದ್ದ ತನ್ನ ಪಾಲಿಗೆ ಕೈಹಾಕಿದಳು. ಬರೀ ಚಿಗುರು, ನಾಲ್ಕು ಅತ್ತಿಹಣ್ಣು. ಅಷ್ಟು ರುಚಿಯ ಊಟವನ್ನು ಅವಳು ಹುಟ್ಟಿದ ಮೇಲೆ ಉಂಡಿರಲಿಲ್ಲ. ಉಂಡು ನೆಲಕ್ಕೆ ಇಳಿದಳು. ದುಂಡಕ್ಕ ಹುಲ್ಲಿನಲ್ಲಿ ಜಾಗ ಬಿಟ್ಟಳು. ಕಿವಿ ಸೀಳಿದ ಮರಿ ಸಂಕಮ್ಮನ ಹೊಟ್ಟೆಗೆ ತಲೆಯಿಟ್ಟಿತು.

"ಈಗ ರೆಪ್ಪೆ ಮುಚ್ಚು ಕಣೇ" ಎಂದಳು ದುಂಡಕ್ಕ. ಸಂಕಮ್ಮ ಮುಚ್ಚಿದಳು. ಒಳಗೆ ಗಂಟೆಯವನೂ ಗೋಡೆಗೆ ಒರಗಿದ.

ನೀತಿ: ಹಸಿವು ಶತ್ರುವಲ್ಲ, ಹೊತ್ತಿಗೆ ಸರಿಯಾಗಿ ನಮ್ಮನ್ನು ಎಚ್ಚರಿಸುವ ಗೆಳೆಯ. ಇನ್ನೊಬ್ಬರ ಎಚ್ಚರ ಕೆಡಿಸಲು ಹೊರಟವನು ತನ್ನ ಎಚ್ಚರವನ್ನೇ ಕಳೆದುಕೊಳ್ಳುತ್ತಾನೆ.

ಅಂದ ಹಾಗೆ, ಒಂದು ಸಣ್ಣ ವಿಷಯ. ಎಲ್ಲವೂ ನಿಜ, ನರಿ ಮಾತಾಡಿದ್ದೂ ನಿಜ, ಆನೆ ನನ್ನ ಎದೆಯ ಮೇಲೆ ನಡೆದದ್ದೂ ನಿಜ. ಆ ಗಂಟೆ ಮಾತ್ರ ನಾನು ಸೇರಿಸಿದ್ದು. ಅಷ್ಟು ಚಿಕ್ಕವನ ಕೈಗೆ ಗಂಟೆ ಎಲ್ಲಿಂದ ಬರಬೇಕು? ಒರೆಕ್ಸಿನ್ ಬಳಿ ಗಂಟೆಯಿಲ್ಲ, ಬಾಯಿಲ್ಲ, ಕೈಯೂ ಇಲ್ಲ. ಏನೂ ಇಲ್ಲದೆ ಇಷ್ಟು ದೊಡ್ಡ ನಮ್ಮನ್ನೆಲ್ಲ ಎಬ್ಬಿಸಿ ಕೂರಿಸುತ್ತಾನೆ. ಅದನ್ನು ಹೇಳಿದರೆ ನೀವು ನಂಬುವುದಿಲ್ಲ ಅಂತ ಗಂಟೆ ಕೊಟ್ಟೆ.