ಚರ್ಮವೈದ್ಯರ ಅಂಗೈ

ಪೂಜ್ಯ ಸಹಜಾನಂದ ಅಪ್ಪಗಳವರು ಪೂರ್ವಾಶ್ರಮದಲ್ಲಿ ಹೋಮಿಯೋಪಥಿ ಓದಿದವರು. ಮಠದ ಪಡಸಾಲೆಯಲ್ಲಿ ಕಂಬಕ್ಕೊರಗಿ, ಮುಂದೊಂದು ತಗಡಿನ ಔಷಧಪೆಟ್ಟಿಗೆ ಇಟ್ಟುಕೊಂಡು ರೋಗಿಗಳನ್ನು ಕಾಣುತ್ತಿದ್ದರು. ಗುಳಿಗೆ ಕೊಡಲು ಅವರಿಗೆ ಒಂದು ಕ್ಷಣ ಸಾಕು, ಕೇಳುವುದಕ್ಕೆ ಮಾತ್ರ ಒಂದು ತಾಸು ಬೇಕು. ನಿದ್ದೆ ಹೇಗಿದೆ, ಯಾರ ಮೇಲೆ ಸಿಟ್ಟು, ನೋವು ಶುರುವಾದ ವಾರ ಏನು ನಡೆದಿತ್ತು, ಎಲ್ಲವನ್ನೂ ಕೇಳುವರು.

ಒಂದು ಸೋಮವಾರ ರಾಯಚೂರಿನ ಚರ್ಮವೈದ್ಯ ಡಾ. ಶಿವಶರಣ ಗುಡಗುಂಟಿಯವರು ಹತ್ತಿಯ ಕೈಗವಸು ತೊಟ್ಟು ಬಂದರು. ಎರಡೂ ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು. ತಮ್ಮದೇ ಮುಲಾಮು, ಹೈದರಾಬಾದಿನ ತಜ್ಞರ ಮಾತ್ರೆ, ಯಾವುದೂ ಫಲಿಸಿರಲಿಲ್ಲ. “ತನ್ನ ಕೈ ತುರಿಸ್ಕೊಳ್ಳಾಂವ ನಮಗೇನ್ ಮದ್ದು ಕೊಟ್ಟಾನು” ಎಂದು ರೋಗಿಗಳು ಬೇರೆಡೆ ಹೋಗತೊಡಗಿದ್ದರು. ದವಾಖಾನೆಗೆ ಬೀಗ ಬೀಳುವುದೊಂದೇ ಬಾಕಿ.

“ನಿಮ್ಮ ಸಕ್ಕರಿ ಗುಳಿಗಿ ಮ್ಯಾಲ ನನಗ ನಂಬಿಕಿ ಇಲ್ರಿ ಅಪ್ಪಾರ. ಅವ್ವನ ಕಾಟಕ್ಕ ಬಂದೀನಿ.”

ಅಪ್ಪಗಳು ನಕ್ಕರು. “ಪೆಟಗಿ ತೆಗಿಯೂದಿಲ್ಲ ಬಿಡ್ರಿ. ದಿನಕ್ಕ ಎಷ್ಟು ಸಲ ಕೈ ತೊಳೀತೀರಿ?”

ಡಾಕ್ಟರು ತಡವರಿಸಿದರು. “ನಲವತ್ತು, ಐವತ್ತು. ತೊಳದಷ್ಟೂ ಚರ್ಮ ಬಿರೀತದ ಅಂತ ನಾನೇ ಮಂದಿಗೆ ಹೇಳ್ತೀನಿ. ಖರೆ, ಬಿಡಾಕ ಆಗವಲ್ದು.”

“ಯಾವತ್ತಿನಿಂದ?”

ಕೇಳುತ್ತ ಕೇಳುತ್ತ ಸಂಗತಿ ಹೊರಬಂತು. ಕಲ್ಲು ಒಡೆಯುವ ಹುಲುಗಪ್ಪನೆಂಬವನಿಗೆ ಕುಷ್ಠವಿತ್ತು. ವರ್ಷವಿಡೀ ಔಷಧ ಕೊಟ್ಟು ವಾಸಿ ಮಾಡಿದವರು ಇದೇ ಡಾಕ್ಟರು. ಕೊನೆಯ ದಿನ ಚೀಟಿಯಲ್ಲಿ ‘ಪೂರ್ಣ ಗುಣ’ ಎಂದು ಬರೆದುಕೊಟ್ಟಾಗ ಆತ ಹಿಗ್ಗಿನಿಂದ ಕೈ ಚಾಚಿದ. ಡಾಕ್ಟರ ಕೈ ತಾನಾಗಿ ಕೋಟಿನ ಜೇಬು ಸೇರಿತು. ಆತ ಚಾಚಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೊರಟುಹೋದ. ಡಾಕ್ಟರು ಕೈ ತೊಳೆಯತೊಡಗಿದ್ದು ಅಂದಿನಿಂದ.

“ಅಂಟೂದಿಲ್ಲಂತ ನನಗ ಗೊತ್ತಿತ್ರಿ,” ಎಂದರು ಡಾಕ್ಟರು, ತಲೆ ತಗ್ಗಿಸಿ.

“ಗೊತ್ತಿತ್ತು. ಮನಸು ಒಪ್ಪಲಿಲ್ಲ,” ಎಂದರು ಅಪ್ಪಗಳು. “ನಿಮ್ಮ ಮುಲಾಮು ಬಿಡಬ್ಯಾಡ್ರಿ. ಹೋಗಿ ಹುಲುಗಪ್ಪನ ಕೈ ಹಿಡೀರಿ. ಆಮ್ಯಾಲ ಒಂದು ತಾಸು ಕೈಗೆ ನೀರು ಸೋಕಿಸಬ್ಯಾಡ್ರಿ.”

ಡಾಕ್ಟರು ಅಲ್ಲಿಂದ ನೇರ ಕಲ್ಲುಕ್ವಾರಿಗೆ ಹೋದರು. ಗವಸು ಕಳಚಿ ಕೈ ಚಾಚಿದರು. “ತಪ್ಪಾತು ಹುಲುಗಪ್ಪ.”

ಹುಲುಗಪ್ಪ ಆ ಅಂಗೈಯನ್ನು ಹೊರಳಿಸಿ ನೋಡಿದ. “ಸಾಹೇಬ್ರ, ಇದು ನನ್ನ ಕೈಗಿಂತ ಕೆಟ್ಟೈತಲ್ರಿ. ಹಿಡಿಯಾಕ ನನಗ ಅಂಜಿಕಿ ಬರ್ತದ,” ಎಂದು ನಕ್ಕು, ಎರಡೂ ಕೈಯಲ್ಲಿ ಹಿಡಿದುಕೊಂಡ. ಬಂಡೆಯ ಮೇಲೆ ಇಬ್ಬರೂ ಚಹಾ ಕುಡಿದರು. ಮೊದಲ ಕಾಲು ತಾಸು ಡಾಕ್ಟರ ಕಣ್ಣು ಪಕ್ಕದ ನೀರಿನ ಕೊಡದ ಮೇಲೇ ಇತ್ತು. ತಾಸು ಕಳೆದಾಗ ಅವರಿಗೆ ಕೊಡದ ನೆನಪೇ ಇರಲಿಲ್ಲ.

ತೊಳೆಯುವುದು ನಿಂತಿತು, ಮುಲಾಮು ನಾಟಿತು, ಎರಡು ತಿಂಗಳಲ್ಲಿ ಅಂಗೈ ಕೂಡಿಕೊಂಡಿತು. ಮನಸ್ಸಿನ ದುಗುಡ ತುರಿಕೆ ಹೆಚ್ಚಿಸುತ್ತದೆಂದು ನಮ್ಮ ಆಧುನಿಕ ಶಾಸ್ತ್ರವೂ ಹೇಳುತ್ತದೆ, ಓದಿದ್ದೆ, ನನಗೇ ಹಚ್ಚಿಕೊಂಡಿರಲಿಲ್ಲ ಎಂದು ಡಾಕ್ಟರು ಅಪ್ಪಗಳ ಪಾದಕ್ಕೆ ಹಣೆ ಹಚ್ಚಿದರು. ರೋಗಕ್ಕಿಂತ ಮೊದಲು ರೋಗಿಯ ಮನಸ್ಸನ್ನು ಕೇಳೆಂದು ನಮ್ಮ ಹೋಮಿಯೋಪಥಿ ಗುರುಗಳು ಕಲಿಸಿದ್ದರು, ಅಷ್ಟೇ ಮಾಡಿದೆವು ಎಂದರು ಅಪ್ಪಗಳು.

ಮುಂದೆ ಡಾಕ್ಟರು ಕುಷ್ಠರೋಗಿಗಳಿಗಾಗಿ ಹಳ್ಳಿಹಳ್ಳಿಗೆ ಹೋದರು. ಅವರ ಮುಂದೆ ಮುಂದೆ ಹುಲುಗಪ್ಪ ನಡೆಯುತ್ತಿದ್ದ. ಓಣಿಯ ಬಾಯಲ್ಲಿ ನಿಂತು ಅವನು ಕೂಗುತ್ತಿದ್ದುದು ಒಂದೇ ಮಾತು: “ಅಡಗಬ್ಯಾಡ್ರೋ ಯಪ್ಪಾ, ಹೊರಗ ಬರ್ರಿ. ನಮ್ಮ ಡಾಕ್ಟ್ರು ಕೈ ಹಿಡೀತಾರ.”