ಬೀಸುಕಲ್ಲಿನ ಸಣ್ಣೋಬನೂ ಅರಸನ ಕಂಬಳಿಗಳೂ

ಗೊಂಕರಸನ ಆಸ್ಥಾನದಲ್ಲಿ ಈ ಕತೆ ನಡೆದ ದಿನ ಬಲಗಡೆಯ ಬೆಳ್ಳಿ ಪೀಠದಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದವನು ನಾನೇ. ಹಾಗೆ ನೋಡಬೇಡಿ, ಸುಳ್ಳು. ಆಗ ನನ್ನ ಮುತ್ತಜ್ಜನ ಮುತ್ತಜ್ಜನೂ ಹುಟ್ಟಿರಲಿಲ್ಲ. ಆದರೆ ಡಂಗುರ ಮಾತ್ರ ನಿಜ. ಅದು ಹೀಗಿತ್ತು:

“ಕೇಳಿರಪ್ಪೋ ಕೇಳಿ! ಯುದ್ಧಕ್ಕೆಂದು ನೇಯಿಸಿ, ಯುದ್ಧವೇ ಬಾರದೆ ಉಗ್ರಾಣದಲ್ಲಿ ಉಳಿದ ಅರಮನೆಯ ಕಂಬಳಿಗಳನ್ನು ಊರು ಕೊಳ್ಳುತ್ತಿಲ್ಲ. ಮಾರಿಕೊಡುವ ಬಾಯಿ ಬೇಕಾಗಿದೆ. ಕುವರಿ ಮಾಚಲದೇವಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವನ ತಲೆ ಕೋಟೆಬಾಗಿಲಿಗೆ! ಕಂಬಳಿ ಖಾಲಿಯಾಗುವ ತನಕ ಬೇರೆ ಯಾವನೂ ಬೀದಿಯಲ್ಲಿ ಸರಕು ಕೂಗಕೂಡದು!”

ಆ ಕೊನೆಯ ಮಾತು ಸಣ್ಣೋಬನ ಹೊಟ್ಟೆಯ ಮೇಲೇ ಹೊಡೆಯಿತು. ಸವೆದು ನುಣುಪಾದ ಬೀಸುಕಲ್ಲಿಗೆ ಉಳಿಯಿಂದ ಹೊಡೆದು ಮುಳ್ಳು ಮೂಡಿಸುವುದು ಅವನ ಕಸುಬು. ಕೂಗದಿದ್ದರೆ ಅವನನ್ನು ಕರೆಯುವವರು ಯಾರು? ಗಂಜಿಯೂ ತೆಳ್ಳಗಾದ ಮೇಲೆ ಅವನು ರುಮಾಲು ಸುತ್ತಿಕೊಂಡು ಅರಮನೆಗೆ ಹೊರಟ.

“ತಲೆ ಹೋದರೆ ರುಮಾಲು ಯಾವುದಕ್ಕೆ ಸುತ್ತುತ್ತೀಯೋ?” ಎಂದಳು ಹೆಂಡತಿ ಹನುಮಕ್ಕ.

“ಬಾಯಿ ಬಿಡೋ ಹಂಗಿಲ್ಲ ಅಂದ ಮೇಲೆ ತಲೆ ಇಟ್ಕೊಂಡು ಏನು ಮಾಡ್ಲಿ?”

ಆಸ್ಥಾನದಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಅತ್ತರು ಮಾರುವ ರೇವಣಸೆಟ್ಟಿ. ಇನ್ನೊಬ್ಬ ಅರಸನ ಹೊಗಳುಭಟ ಜಯಂಕೊಂಡ. “ಸಿಂಹಾಸನದ ಕಂಬಳಿ, ಶೂರರ ಹೊದಿಕೆ!” ಎಂದು ಇಷ್ಟು ದಿನ ಬೀದಿಬೀದಿ ಕೂಗಿ ಒಂದನ್ನೂ ಮಾರದವನು ಇವನೇ.

ಕುವರಿ ಮೊದಲನೆಯದನ್ನು ಕೇಳಿದಳು. “ಅಂಗಡಿಯವನು ಮಾರುವುದು ಒಂದು, ಗಿರಾಕಿ ಕೊಳ್ಳುವುದು ಇನ್ನೊಂದು. ಹೊತ್ತೊಯ್ದದ್ದು ಎಲ್ಲರಿಗೂ ಕಾಣುತ್ತದೆ, ಕೊಂಡದ್ದು ಯಾರಿಗೂ ಕಾಣುವುದಿಲ್ಲ. ಅದೇನು?”

“ಪರಿಮಳ!” ಎಂದು ಸೆಟ್ಟಿ ನುಗ್ಗಿದ. “ಶೀಶೆ ಕಾಣುತ್ತೆ, ಪರಿಮಳ ಕಾಣಲ್ಲ.”

“ಸೆಟ್ಟರೆ, ನೀವು ಮಾರುವುದೂ ಪರಿಮಳವೇ ಅಲ್ಲವೆ? ಇನ್ನೊಂದು ಎಂದೆನಲ್ಲ!” ಸೆಟ್ಟಿ, ತಲೆ ಕಡಿಯಲು ಕತ್ತಿ ಹಿಡಿದು ನಿಂತಿದ್ದ ತಳವಾರನ ಪಕ್ಕಕ್ಕೆ ಹೋದ.

ಸಣ್ಣೋಬನಿಗೆ ತನ್ನ ಹಳೆಯ ದಿನಗಳು ನೆನಪಾದವು. ಆಗೆಲ್ಲ “ನನ್ನದು ಉಕ್ಕಿನ ಉಳಿ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಒಂದು ದಿನ ಯಾವುದೋ ಮನೆಯೊಳಗೆ ಬೀಸುವವಳ ಹಾಡು ನಡುನಡುವೆ ಕಡಿದುಹೋಗುತ್ತಿತ್ತು. ಇವನು ಹೊರಗಿನಿಂದಲೇ, “ಅಕ್ಕಾ, ಕಲ್ಲು ಜಾರ್ತಾ ಐತೆ, ಭುಜ ನೋಯ್ತಿರಬೇಕಲ್ಲ?” ಎಂದಿದ್ದ. ಬಾಗಿಲು ತೆರೆದಿತ್ತು.

“ನೋವು ಇಳಿಯೋದು, ತಾಯಿ,” ಎಂದ. “ನಾನು ಮಾರೋದು ಉಳಿಪೆಟ್ಟು. ಕಲ್ಲು ಬೀಸೋ ಅಕ್ಕ ಕೊಳ್ಳೋದು ಭುಜದ ಸುಖ.”

ಕುವರಿ ತಲೆದೂಗಿದಳು. “ಒಂದು ಮನೆಗೆ ಎರಡು ಗವಾಕ್ಷಿ. ಕದವಿಲ್ಲ, ಪರದೆಯಿಲ್ಲ. ಮಾರುವವನು ಬಾಯಿ ತೆರೆಯುವ ಮೊದಲು ಅಲ್ಲಿಂದಲೇ ಗಿರಾಕಿಯನ್ನು ಒಳಗೆ ಕರೆದುಕೊಳ್ಳಬೇಕು.”

“ಕಣ್ಣುಗಳು, ದೇವಿ! ಕಮಲದಂಥ—” ಎಂದು ಜಯಂಕೊಂಡ ಶುರುಮಾಡಿದ.

“ಭಟರೆ, ನಿದ್ದೆ ಮಾಡುವಾಗ ನಿಮ್ಮ ಕಣ್ಣುಗಳು ತೆರೆದೇ ಇರುತ್ತವೆಯೆ?”

ಭಟ ರೆಪ್ಪೆ ಬಡಿದ, ಬಡಿದಾಗಲೇ ತಪ್ಪು ತಿಳಿಯಿತು. ಅವನೂ ಸೆಟ್ಟಿಯ ಪಕ್ಕಕ್ಕೆ.

“ಕಿವಿ,” ಎಂದ ಸಣ್ಣೋಬ. “ಕೇಳಿಸ್ಕೊಳ್ಳದೆ ಕೂಗಿದ್ರೆ ನಾಯಿ ಮಾತ್ರ ಓಗೊಡ್ತವೆ.”

ಸಭೆ ನಕ್ಕಿತು. ಕುವರಿ ನಗಲಿಲ್ಲ. “ಮಾರುವವನ ಬಾಯಲ್ಲಿ ಒಂದು ಮಾತಿದೆ. ಆಡಿದರೆ ಇಂದಿನ ವ್ಯಾಪಾರ ಕೆಡುತ್ತದೆ. ಆಡಬೇಕಾದಲ್ಲಿ ಆಡದಿದ್ದರೆ ನಾಳೆಯದೆಲ್ಲ ಕೆಡುತ್ತದೆ. ಯಾವ ಮಾತು?”

ಸಣ್ಣೋಬ ಒಂದೊಂದು ಮಾತನ್ನೇ ಮನಸ್ಸಿನಲ್ಲಿ ಹೊಂದಿಸಿ ನೋಡಿದ. ಸುಳ್ಳೆ? ಬೆಲೆಯೆ? ಆಣೆಯೆ? ಯಾವುದೂ ಕೂಡಿಬರಲಿಲ್ಲ. ತಳವಾರ ಹೆಬ್ಬೆರಳಿನಿಂದ ಕತ್ತಿಯ ಅಂಚು ಸವರಿ ನೋಡಿದ. ಒಳಗೆ ಅಡುಗೆಮನೆಯಲ್ಲಿ ಯಾರೋ ರಾಗಿ ಬೀಸುತ್ತಿದ್ದರು.

ಗೊಂಕರಸನಿಗೆ ಹಸಿವಾಗಿತ್ತು. “ಏನಯ್ಯಾ, ಸಾಯುವ ಮೊದಲು ಒಂದು ಉಪಕಾರ ಮಾಡು. ನಮ್ಮ ಕಲ್ಲಿಗೆ ಮುಳ್ಳು ಹಾಕಿ ಹೋಗು. ಆ ಕೆಲಸ ಮುಗಿಯುವ ತನಕ ನಿನ್ನ ತಲೆ ನಿನ್ನದೇ. ಸಂಜೆವರೆಗೆ ಯೋಚಿಸಬಹುದು.”

ಸಂಜೆವರೆಗೆ! ಮುಳುಗುವವನಿಗೆ ಹಗ್ಗ ಎಸೆದ ಹಾಗಾಯಿತು. ಆದರೆ ಕಸುಬಿನ ಚಾಳಿ ನೋಡಿ, ಕಿವಿ ಆಗಲೇ ಕಲ್ಲಿನ ದನಿ ಹಿಡಿದಿತ್ತು. ಗರಗರ ಎನ್ನುವ ತುಂಬು ದನಿ, ಎಲ್ಲೂ ಜಾರುತ್ತಿಲ್ಲ.

“ಬೇಡ, ಬುದ್ಧಿ,” ಎಂದುಬಿಟ್ಟ. “ಆ ಕಲ್ಲಿಗೆ ಇನ್ನೂ ಮುಳ್ಳೈತೆ. ಈಗ ಹೊಡೆದ್ರೆ ನಿಮ್ಮ ಮುದ್ದೇಲಿ ಕಲ್ಲುಪುಡಿ ಸಿಗ್ತದೆ.”

ಎಂದವನೇ ನಾಲಗೆ ಕಚ್ಚಿಕೊಂಡ. ಕೈಗೆ ಬಂದ ಸಂಜೆಯನ್ನು ತಾನೇ ದೂಡಿದ್ದ. ಹನುಮಕ್ಕನ ಮುಖ ಕಣ್ಣಮುಂದೆ ಬಂತು. ಕತ್ತು ಬಗ್ಗಿಸಿ ನಿಂತ.

ಕುವರಿ ಎದ್ದು ನಿಂತಿದ್ದಳು. “ಗೆದ್ದೆಯಲ್ಲೋ!”

“ಎಲ್ಲಿ ಗೆದ್ದೆ, ತಾಯಿ? ನಾನಿನ್ನೂ ಉತ್ತರಾನೇ ಹೇಳಿಲ್ಲ.”

“ಬೇಡ ಎಂದೆಯಲ್ಲ, ಅದೇ ಉತ್ತರ. ತನ್ನ ಪ್ರಾಣಕ್ಕೆ ಬೇಕಾಗಿದ್ದರೂ ಗಿರಾಕಿಗೆ ಬೇಡವಾದದ್ದನ್ನು ಬೇಡ ಎಂದವನ ಮಾತನ್ನು, ಅವನು ಬೇಕು ಎಂದ ದಿನ ಯಾರು ತಾನೆ ನಂಬುವುದಿಲ್ಲ?”

ಸಣ್ಣೋಬ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. “ಹೌದು ತಾಯಿ. ಬೇಡ ಅಂದ ಮನೆಯವರೇ ಮುಂದಿನ ಸಲ ಮಜ್ಜಿಗೆ ಕೊಟ್ಟು ಕೂರಿಸ್ತಾರೆ. ಅದು ಒಗಟಾಗ್ತದೆ ಅಂತ ಗೊತ್ತಿರ್ಲಿಲ್ಲ.”

“ಏನು ಬೇಕೋ ಕೇಳು. ಅರ್ಧ ರಾಜ್ಯ? ಮಗಳ ಕೈ?” ಎಂದ ಅರಸ.

“ಮನೇಲಿ ಒಬ್ಬಳಿದ್ದಾಳೆ, ಬುದ್ಧಿ. ಅವಳ ಒಗಟಿಗೇ ನನಗೆ ಉತ್ತರ ಸಿಕ್ಕಿಲ್ಲ. ಬೀದಿ ಬಿಟ್ಟುಕೊಡಿ, ಎಲ್ಲರೂ ಕೂಗ್ಲಿ. ಆಮೇಲೆ ಈ ಇಬ್ಬರ ಕತ್ತು ಉಳಿಸಿಕೊಡಿ. ಕಂಬಳಿ ಹೊರೋಕೆ ಜನ ಬೇಕು.”

ಮರುದಿನ ಸೆಟ್ಟಿ, ಭಟ ಇಬ್ಬರೂ ತಲೆಯ ಮೇಲೆ ಕಂಬಳಿ ಹೊತ್ತು ಹಿಂದೆ ನಡೆದರು. ಸಣ್ಣೋಬ ಮುಂದೆ. “ಅರಮನೆ ಕಂಬಳಿ! ಅಲ್ಲಲ್ಲಿ ನುಸಿ ತಿಂದೈತೆ, ಮದುವೆಮನೆಗೆ ಹೊದ್ಕೊಂಡು ಹೋಗೋರಿಗೆ ಬೇಡ! ಬೆಳಗಿನ ಚಳಿಗೆ ಮೊಣಕಾಲು ಹಿಡ್ಕೊಂಡು ಕೂರೋ ಅಜ್ಜಿ ಮನೇಲಿದ್ರೆ ಒಂದು ಒಯ್ಯಿರಿ!”

ಒಂದು ಕದ ತೆರೆಯಿತು. ಆಮೇಲೆ ಎದುರು ಮನೆಯದು. ಉಗ್ರಾಣ ಬರಿದಾಯಿತು. ಅಷ್ಟರೊಳಗೆ ಬೀದಿಯಲ್ಲಿ ಬಳೆಯವನ ಕೂಗು, ಮೊರದವಳ ಕೂಗು, ಉಪ್ಪಿನವನ ಕೂಗು ಎಲ್ಲ ವಾಪಸು ಬಂದವು. ಅದರ ನಡುವೆ ಸಣ್ಣೋಬ ಬಾಗಿಲುಬಾಗಿಲಿಗೂ ನಿಂತು, ಮೊದಲು ಕೇಳಿಸಿಕೊಂಡು, ಆಮೇಲೆ ಕೂಗುತ್ತಿದ್ದ.

ನನ್ನ ಕತೆಗೂ ಅಲ್ಲಲ್ಲಿ ನುಸಿ ಹಿಡಿದಿದೆ, ಮುಚ್ಚಿಡುವುದಿಲ್ಲ. ಆದರೂ ಇಷ್ಟು ಹೊತ್ತು ನಿಮ್ಮ ಕಾಲಿಗೆ ವಿಶ್ರಾಂತಿ ಸಿಕ್ಕಿತಲ್ಲ? ಇಗೋ, ಹೋಟೆಲಿನವನು ಈ ಕಡೆಯೇ ನೋಡುತ್ತಿದ್ದಾನೆ. ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ಕೊಡುತ್ತಾ ಕೊಡುತ್ತಾ ಇನ್ನೊಂದು ಲೋಟ ಬೇಕೆ ಎಂದು ಕೇಳಿದಿರೋ, ಬೇಡ ಎನ್ನಲು ನಾನೇನು ಸಣ್ಣೋಬನಲ್ಲ.